ಬಾಡಿಗೆ ಎಷ್ಟು, ಬ್ರೋಕರ್‌ಗೆ ಉಳಿದದ್ದೆಷ್ಟು?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಸ್ವಂತ ಟ್ರಕ್ ಇಟ್ಟುಕೊಂಡು ತಾನೇ ಓಡಿಸುತ್ತಾನೆ. ಫೋನ್ ಮಾಡಿದಾಗಲೆಲ್ಲ, ಸರಕಿನ ಯಜಮಾನನಿಗೂ ಟ್ರಕ್ಕಿನವನಿಗೂ ನಡುವೆ ನಿಂತು ಲೋಡ್ ಕುದುರಿಸುವ ಬ್ರೋಕರ್‌ಗಳ ಮೇಲೆ ಸಿಟ್ಟು ತೋಡಿಕೊಳ್ಳುತ್ತಾನೆ. ಸರಕಿನ ಯಜಮಾನ ಕೊಡುವ ಬಾಡಿಗೆಯಲ್ಲಿ ಅರ್ಧವನ್ನು ಅವರೇ ನುಂಗುತ್ತಾರೆ, ಕೇಳಿದರೆ ಲೆಕ್ಕ ತೋರಿಸುವುದಿಲ್ಲ ಎನ್ನುತ್ತಾನೆ. ಇದು ನಿಜವೇ? ಇಷ್ಟು ಬಾಡಿಗೆ ನ್ಯಾಯವಾದದ್ದು ಎಂದು ಅವನು ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ತಮ್ಮನ ಸಿಟ್ಟಿನಲ್ಲಿ ಎರಡು ದೂರುಗಳು ಬೆರೆತಿವೆ. ಅರ್ಧ ನುಂಗುತ್ತಾರೆ ಎಂಬುದು ಎಲ್ಲ ಲೋಡಿಗೂ ಅನ್ವಯಿಸುವ ಮಾತಲ್ಲ. ದೊಡ್ಡ ಬ್ರೋಕರ್ ಕಂಪನಿಗಳು ಪ್ರಕಟಿಸುವ ಲೆಕ್ಕಪತ್ರಗಳ ಪ್ರಕಾರ ಅವರಿಗೆ ಉಳಿಯುವುದು ಸರಾಸರಿ ನೂರಕ್ಕೆ ಹದಿನೈದರ ಆಸುಪಾಸು. ಅದರಲ್ಲಿಯೇ ಸಿಬ್ಬಂದಿಯ ಸಂಬಳವೂ, ಹಣ ಬಾರದೆ ಹೋಗುವ ಅಪಾಯವೂ ಸೇರಿರುತ್ತವೆ. ವರ್ಷದ ಕರಾರಿನಲ್ಲಿ ಸರಕಿನ ಯಜಮಾನನಿಗೆ ಒಂದು ದರ ಒಪ್ಪಿಕೊಂಡ ಬ್ರೋಕರ್, ಟ್ರಕ್ ಸಿಗದ ದಿನಗಳಲ್ಲಿ ಕೈಯಿಂದ ಹಣ ಹಾಕಿ ಸರಕು ಸಾಗಿಸುವುದೂ ಉಂಟು. ಆದರೆ ಸರಾಸರಿ ಎಂಬುದು ಒಂದೊಂದು ಲೋಡಿನ ಕಥೆಯನ್ನು ಹೇಳುವುದಿಲ್ಲ. ಒಂದರಲ್ಲಿ ನಷ್ಟವಾದರೆ ಮತ್ತೊಂದರಲ್ಲಿ ನೂರಕ್ಕೆ ನಲವತ್ತು ಉಳಿದಿರಬಹುದು, ಮತ್ತು ಆ ನಲವತ್ತು ಯಾರ ಟ್ರಕ್ಕಿನ ಬೆವರಿನಿಂದ ಬಂತೋ ಅವನಿಗೆ ಅದು ತಿಳಿಯುವುದೇ ಇಲ್ಲ.

ಲೆಕ್ಕ ತೋರಿಸುವುದಿಲ್ಲ ಎಂಬ ಎರಡನೆಯ ದೂರು ಮಾತ್ರ ಸಂಪೂರ್ಣ ನ್ಯಾಯವಾದದ್ದು, ಏಕೆಂದರೆ ಲೆಕ್ಕ ನೋಡುವ ಹಕ್ಕು ಅಲ್ಲಿನ ಕಾನೂನಿನಲ್ಲಿಯೇ ಇದೆ. ಅಮೆರಿಕದ ಕೇಂದ್ರ ಸರ್ಕಾರದ ನಿಯಮಾವಳಿಯ 371.3ನೆಯ ಕಲಮಿನಂತೆ ಬ್ರೋಕರ್ ಪ್ರತಿಯೊಂದು ವ್ಯವಹಾರದ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ತಾನು ವಸೂಲು ಮಾಡಿದ ಬಾಡಿಗೆ ಎಷ್ಟು, ದಲ್ಲಾಳಿತನಕ್ಕೆ ಪಡೆದದ್ದೆಷ್ಟು, ಟ್ರಕ್ಕಿನವನಿಗೆ ಯಾವಾಗ ಹಣ ಕೊಟ್ಟೆ ಎಂಬುದೆಲ್ಲ ಅದರಲ್ಲಿರಬೇಕು. ವ್ಯವಹಾರದಲ್ಲಿ ಪಾಲುಗೊಂಡ ಯಾರೇ ಆಗಲಿ ಅದನ್ನು ನೋಡಬಹುದು. ಇಷ್ಟು ಸ್ಪಷ್ಟವಾದ ನಿಯಮವಿದ್ದೂ ಅದು ಕೈಗೆ ಬರುವುದಿಲ್ಲ. ಬಹಳಷ್ಟು ಬ್ರೋಕರ್‌ಗಳು ತಮ್ಮ ಕರಾರುಪತ್ರದಲ್ಲಿ ಈ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂಬ ಒಂದು ಸಾಲನ್ನು ಸೇರಿಸಿರುತ್ತಾರೆ. ಸಹಿ ಹಾಕದಿದ್ದರೆ ಲೋಡ್ ಇಲ್ಲ. ಕಂತು ಕಟ್ಟಬೇಕಾದವನು ಸಹಿ ಹಾಕುತ್ತಾನೆ. ಕಾನೂನು ಕೊಟ್ಟದ್ದನ್ನು ಒಂದು ಸಾಲಿನಲ್ಲಿ ಕಿತ್ತುಕೊಳ್ಳುವ ಈ ಪದ್ಧತಿ ತಪ್ಪು ಎಂದೇ ನನ್ನ ಅಭಿಪ್ರಾಯ.

2020ರ ವಸಂತದಲ್ಲಿ ಕೊರೊನಾದಿಂದಾಗಿ ಬಾಡಿಗೆಗಳು ಕುಸಿದಾಗ ಟ್ರಕ್ ಮಾಲೀಕರು ವಾಷಿಂಗ್ಟನ್ ನಗರದ ಕಾನ್‌ಸ್ಟಿಟ್ಯೂಷನ್ ಅವೆನ್ಯೂದ ಉದ್ದಕ್ಕೂ ವಾಹನ ನಿಲ್ಲಿಸಿ ವಾರಗಟ್ಟಲೆ ಪ್ರತಿಭಟಿಸಿದ್ದರ ಹಿಂದೆ ಇದ್ದದ್ದು ಇದೇ ಕೊರಗು. 1973ರಲ್ಲಿ ಹುಟ್ಟಿದ, ಸ್ವತಂತ್ರ ಟ್ರಕ್ ಚಾಲಕ-ಮಾಲೀಕರ ಸಂಘವಾದ ಓಓಐಡಿಎ ಅದೇ ವರ್ಷ ಸರ್ಕಾರಕ್ಕೆ ಮನವಿ ಸಲ್ಲಿಸಿತು: ಸರಕು ತಲುಪಿದ 48 ಗಂಟೆಗಳೊಳಗೆ ಬ್ರೋಕರ್ ತಾನಾಗಿಯೇ ಲೆಕ್ಕ ಕಳುಹಿಸಬೇಕು, ಹಕ್ಕು ಬಿಟ್ಟುಕೊಡಿಸುವ ಸಾಲನ್ನು ನಿಷೇಧಿಸಬೇಕು. ಸಾರಿಗೆ ಸುರಕ್ಷತಾ ಇಲಾಖೆಯಾದ ಎಫ್‌ಎಂಸಿಎಸ್‌ಎ, 2024ರ ನವೆಂಬರಿನಲ್ಲಿ, ಕೇಳಿದ 48 ಗಂಟೆಗಳೊಳಗೆ ದಾಖಲೆ ಕೊಡಬೇಕೆಂಬ ಕರಡು ನಿಯಮವನ್ನು ಪ್ರಕಟಿಸಿತು.

ಇನ್ನು ನ್ಯಾಯವಾದ ಬಾಡಿಗೆಯ ವಿಚಾರ. ಇದನ್ನು ಬ್ರೋಕರ್‌ಗೆ ಎಷ್ಟು ಉಳಿಯಿತು ಎಂಬುದರಿಂದ ಅಳೆಯಲು ಹೊರಟರೆ ದಾರಿ ತಪ್ಪುತ್ತದೆ. ತನ್ನ ಟ್ರಕ್ ಒಂದು ಮೈಲಿ ಓಡಲು ತಗಲುವ ವೆಚ್ಚದಿಂದ ಆರಂಭಿಸಬೇಕು. ಉದಾಹರಣೆಗೆ, 600 ಮೈಲಿಯ ಲೋಡಿಗೆ 1,500 ಡಾಲರ್ ಎಂದು ಬ್ರೋಕರ್ ಹೇಳುತ್ತಾನೆ ಎನ್ನಿ. ಮೈಲಿಗೆ ಎರಡೂವರೆ ಡಾಲರ್ ಸಿಕ್ಕಂತೆ ಕಾಣುತ್ತದೆ. ಆದರೆ ಲೋಡ್ ತುಂಬಿಸುವ ಜಾಗಕ್ಕೆ ಹೋಗಲು 150 ಮೈಲಿ ಖಾಲಿ ಓಡಿಸಬೇಕಿದ್ದರೆ ಒಟ್ಟು 750 ಮೈಲಿಯಾಗಿ ಮೈಲಿಗೆ ದಕ್ಕುವುದು ಎರಡೇ ಡಾಲರ್. ಅಮೆರಿಕನ್ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಇನ್‌ಸ್ಟಿಟ್ಯೂಟ್ 2023ಕ್ಕೆ ಕಂಡುಕೊಂಡ ಸರಾಸರಿ ವೆಚ್ಚ ಮೈಲಿಗೆ 2.27 ಡಾಲರ್. ಅದರಲ್ಲಿ ಡೀಸೆಲ್, ಕಂತು, ವಿಮೆ, ರಿಪೇರಿ, ಟೈರ್‌ಗಳ ಜೊತೆಗೆ ಚಾಲಕನ ಸಂಬಳವೂ ಸೇರಿದೆ. ಸ್ವಂತ ಟ್ರಕ್ ಓಡಿಸುವ ಎಷ್ಟೋ ಮಂದಿ ತಮ್ಮ ಸಂಬಳವನ್ನು ವೆಚ್ಚವೆಂದು ಬರೆದುಕೊಳ್ಳುವುದೇ ಇಲ್ಲ. ಉಳಿದದ್ದೆಲ್ಲ ಲಾಭ ಎಂದುಕೊಂಡು ವರ್ಷಾನುಗಟ್ಟಲೆ ಬಿಟ್ಟಿ ದುಡಿಯುತ್ತಾರೆ. ನಿಮ್ಮ ತಮ್ಮನ ಅಂಕಿ ಈ ಸರಾಸರಿಗಿಂತ ಬೇರೆಯೇ ಇದ್ದೀತು, ಆದರೆ ತನ್ನ ಅಂಕಿ ಯಾವುದೆಂದು ಅವರಿಗೆ ಬಾಯಲ್ಲೇ ಇರಬೇಕು, ಅದಕ್ಕಿಂತ ಕೆಳಗಿನ ಲೋಡನ್ನು ಫೋನಿನಲ್ಲೇ ಬೇಡ ಎನ್ನಬೇಕು.

ಕಾಯುವ ಹೊತ್ತಿಗೂ ಬೆಲೆಯಿದೆ. ಅಲ್ಲಿ ಚಾಲಕ ಕೆಲಸಕ್ಕಿಳಿದ 14 ಗಂಟೆಗಳೊಳಗೆ ಮಾತ್ರ, ಅದೂ 11 ಗಂಟೆ ಮೀರದಂತೆ, ವಾಹನ ಓಡಿಸಬಹುದು. ಗೋದಾಮಿನ ಮುಂದೆ ಐದು ಗಂಟೆ ನಿಲ್ಲಿಸಿದರೆ ಆ ದಿನದ ದುಡಿಮೆಯೇ ಕರಗಿತು. ಮೊದಲ ಎರಡು ಗಂಟೆ ಬಿಟ್ಟಿ, ಆಮೇಲೆ ಗಂಟೆಗಿಷ್ಟು ಎಂಬುದು ಸಾಮಾನ್ಯ ರೂಢಿ. ಆ ದರ ಬ್ರೋಕರ್ ಕಳುಹಿಸುವ ದರಪತ್ರದಲ್ಲಿಯೇ ಇರಬೇಕು, ಒಳಬಂದ ಮತ್ತು ಹೊರಟ ಹೊತ್ತನ್ನು ಸರಕಿನ ಬಿಲ್ಲಿನ ಮೇಲೆ ಗೋದಾಮಿನವರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಬಾಯಿಮಾತಿಗೆ ಒಪ್ಪಿದ ಹಣ ಬಂದದ್ದು ಅಪರೂಪ.

ನಿಮ್ಮ ತಮ್ಮ ಸ್ವಂತ ಪರವಾನಗಿಯಲ್ಲಿ ಓಡಿಸದೆ ಒಂದು ಕಂಪನಿಗೆ ಟ್ರಕ್ಕನ್ನು ಗುತ್ತಿಗೆ ಕೊಟ್ಟಿದ್ದರೆ ಕಾನೂನು ಬೇರೆ, ಅದು ಇನ್ನಷ್ಟು ಅನುಕೂಲಕರ. ಬಾಡಿಗೆಯಲ್ಲಿ ಶೇಕಡಾವಾರು ಪಾಲು ಎಂಬ ಕರಾರಿದ್ದರೆ ಕಂಪನಿ ಮೂಲ ಬಾಡಿಗೆ ಬಿಲ್ಲಿನ ಪ್ರತಿಯನ್ನು ಕೊಡಲೇಬೇಕು, ಕಾಗದಪತ್ರ ತಲುಪಿದ 15 ದಿನಗಳೊಳಗೆ ಹಣ ಪಾವತಿಸಬೇಕು.

ಪ್ರಶ್ನೆ: ಟ್ರಕ್ ಚಾಲಕರ ಗೋಳಿನ ಬಗ್ಗೆ ಹಿಂದೊಮ್ಮೆ ಬರೆದಿದ್ದಿರಿ. ಅಮೆರಿಕದ ಸರ್ಕಾರವೇ ಮೈಲಿಗೆ ಇಂತಿಷ್ಟು ಎಂದು ಕನಿಷ್ಠ ಬಾಡಿಗೆ ನಿಗದಿ ಮಾಡಿದರೆ ಈ ಜಗಳವೇ ಇರುವುದಿಲ್ಲವಲ್ಲ?

ಉತ್ತರ: ಹೆಚ್ಚುಕಡಿಮೆ ಅಂಥ ವ್ಯವಸ್ಥೆ ಅಲ್ಲಿ ಇತ್ತು. 1935ರ ಕಾನೂನಿನ ನಂತರ ಟ್ರಕ್ ಬಾಡಿಗೆಗಳು ಅಂತರರಾಜ್ಯ ವಾಣಿಜ್ಯ ಆಯೋಗದ ಅಂಕೆಯಲ್ಲಿದ್ದವು. ಆದರೆ ಯಾವ ಕಂಪನಿ ಯಾವ ದಾರಿಯಲ್ಲಿ ಯಾವ ಸರಕು ಒಯ್ಯಬೇಕೆಂಬುದನ್ನೂ ಆ ಆಯೋಗವೇ ಗೊತ್ತುಮಾಡುತ್ತಿತ್ತು, ಹೊಸಬನಿಗೆ ಪರವಾನಗಿ ಸಿಗುವುದು ದುಸ್ತರವಾಗಿತ್ತು. 1980ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾನೂನು ಆ ಬಾಗಿಲನ್ನು ತೆರೆಯಿತು. ಒಂದೇ ಟ್ರಕ್ಕಿನ ಮಾಲೀಕ ತನ್ನ ಹೆಸರಿನಲ್ಲಿಯೇ ಸರಕು ಹಿಡಿಯಲು ಸಾಧ್ಯವಾದದ್ದು ಬಹುಮಟ್ಟಿಗೆ ಅದರಿಂದ. ಬ್ರೋಕರ್‌ಗಳು ಬೆಳೆದದ್ದೂ ಅದೇ ಬಾಗಿಲಿನಿಂದ. ಹಾಗಾಗಿ ಚಾಲಕ-ಮಾಲೀಕರ ಸಂಘ 2020ರ ಮನವಿಯಲ್ಲಿ ದರ ನಿಗದಿಯನ್ನು ಕೇಳಲಿಲ್ಲ, ಲೆಕ್ಕ ಕೇಳಿತು. ನನಗೂ ಅದೇ ಸರಿ ಎನ್ನಿಸುತ್ತದೆ. ಸರ್ಕಾರ ಬಿಗಿ ಮಾಡಬೇಕಾದ ಮತ್ತೊಂದು ಜಾಗವೂ ಇದೆ: ಬ್ರೋಕರ್ ದಿವಾಳಿಯಾದರೆ ಟ್ರಕ್ಕಿನವರ ಬಾಕಿಗೆ ಆಧಾರವಾಗಿ ಅವನು ಇಡಬೇಕಾದ ಬಾಂಡ್ 2013ರಲ್ಲಿ 10,000 ಡಾಲರಿನಿಂದ 75,000ಕ್ಕೆ ಏರಿತು. ನೂರಾರು ಟ್ರಕ್ಕುಗಳ ಬಾಕಿ ಉಳಿಸಿಕೊಂಡು ಕಣ್ಮರೆಯಾಗುವ ಬ್ರೋಕರ್‌ಗೆ ಆ ಮೊತ್ತ ಏನೇನೂ ಸಾಲದು.