ಪ್ರಾರ್ಥಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ, ಈಗ ಏನು ಮಾಡಲಿ?

ಪ್ರಶ್ನೆ: ನಾನು ಮಂಗಳೂರಿನವಳು, 26 ವರ್ಷ. ನಮ್ಮ ಕ್ರೈಸ್ತ ಸಭೆಯ ಯುವಜನರ ಜೊತೆ ನೇಪಾಳಕ್ಕೆ ಮಿಷನ್ ಟ್ರಿಪ್ ಹೋಗಿದ್ದೆ. ಪೋಖರಾ ಹತ್ತಿರದ ಹಳ್ಳಿಗಳಲ್ಲಿ ಸಿಕ್ಕವರಿಗೆಲ್ಲ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದು ಹೇಳಿ ಹೆಸರು ಬರೆದುಕೊಂಡು ಬಂದೆ. ಈಗ ರಾತ್ರಿ ಆ ಪಟ್ಟಿ ಹಿಡಿದರೆ ಶಾಲೆಯಲ್ಲಿ ಹಾಜರಿ ಕೂಗಿದ ಹಾಗಾಗುತ್ತದೆ, ಅರ್ಧಕ್ಕೇ ನಿದ್ದೆ. ಕೆಲವರ ಮುಖವೇ ನೆನಪಿಲ್ಲ. ಅಲ್ಲಿನ ಹುಡುಗಿಯೊಬ್ಬಳು ‘ಅಮ್ಮನ ಕಾಯಿಲೆಗೆ ಪ್ರಾರ್ಥನೆ ಮಾಡ್ತಿದ್ದೀರಾ ದೀದಿ?’ ಎಂದು ವಾಟ್ಸಾಪ್‌ನಲ್ಲಿ ಕೇಳುತ್ತಾಳೆ. ಮಾಡಿರದಿದ್ದರೂ ಕೈಮುಗಿದ ಇಮೋಜಿ ಕಳಿಸುತ್ತೇನೆ. ಇನ್ನೊಬ್ಬ ಹೆಂಗಸು, ಕತಾರ್‌ನಲ್ಲಿರುವ ಗಂಡ ಫೋನೇ ಮಾಡುತ್ತಿಲ್ಲ ಎಂದು ನನ್ನ ಹತ್ತಿರ ಅತ್ತಿದ್ದಳು. ಬರುವ ಭಾನುವಾರ ಅವಳ ಫೋಟೋ ತೋರಿಸಿ ಸಭೆಯೆದುರು ಸಾಕ್ಷಿ ಹೇಳು ಎನ್ನುತ್ತಾರೆ ನಮ್ಮ ಲೀಡರ್. ಅಮ್ಮನೂ ‘ಪ್ರಾರ್ಥನೆಗೆ ತಾನೇ, ಹೇಳಿದರೆ ತಪ್ಪೇನು?’ ಅನ್ನುತ್ತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಒಪ್ಪದ ಆ ಮನಸ್ಸನ್ನೇ ನಂಬಿ. ಭಾನುವಾರ ಹತ್ತಿರವಿರುವುದರಿಂದ ಆ ಹೆಂಗಸಿನ ವಿಷಯ ಮೊದಲು.

ಅವಳು ಅತ್ತದ್ದು ನಿಮ್ಮೆದುರು, ನಿಮ್ಮ ಸಭೆಯೆದುರು ಅಲ್ಲ. ಪ್ರಾರ್ಥನೆಯ ನೆಪದಲ್ಲಿ ಒಂದು ಮನೆಯ ಗುಟ್ಟು ಊರೆಲ್ಲ ಸುತ್ತುವುದನ್ನು ಮನೆಗಳಲ್ಲಿ ಕೂಡುವ ಕಾಟೇಜ್ ಪ್ರೇಯರ್‌ಗೆ ಹೋಗುವವರೆಲ್ಲ ಕಂಡಿದ್ದಾರೆ. (ಅಮ್ಮನನ್ನೇ ಕೇಳಿ ನೋಡಿ.) ದೂರದೇಶದವಳು, ಅವಳಿಗೆಲ್ಲಿ ಗೊತ್ತಾಗುತ್ತದೆ ಅನ್ನಬೇಡಿ. ಫೋಟೋವನ್ನು ಯಾರೋ ಫೇಸ್‌ಬುಕ್‌ಗೆ ಹಾಕುತ್ತಾರೆ. ಮಂಗಳೂರಿನವರೂ ನೇಪಾಳದವರೂ ಒಟ್ಟಿಗೆ ದುಡಿಯುವ ಕತಾರ್‌ನ ದೋಹಾಕ್ಕೆ ಅದು ತಲುಪಲು ಎಷ್ಟು ಹೊತ್ತು ಬೇಕು?

ಇನ್ನೊಂದು ಅಪಾಯವೂ ಇದೆ. ನೇಪಾಳದ 2015ರ ಸಂವಿಧಾನ ಬೇರೆಯವರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಅಲ್ಲಿನ ದಂಡಸಂಹಿತೆಯಲ್ಲಿ ಇದಕ್ಕೆ 5 ವರ್ಷದವರೆಗೆ ಸೆರೆಮನೆ, 50,000 ರೂಪಾಯಿವರೆಗೆ ದಂಡವಿದೆ. ‘ಇಂತಿಂಥವರು ಕರ್ತನ ಬಳಿಗೆ ಬಂದರು’ ಎಂದು ಇಲ್ಲಿ ಹುರುಪಿನಲ್ಲಿ ಹೇಳಿದ ಮಾತು, ಹೆಸರು, ಫೋಟೋ ಅಲ್ಲಿನ ಸಭಾಪಾಲಕರ (ಪಾಸ್ಟರ್) ಮೇಲೆ ದೂರು ಕೊಡುವವರ ಕೈಗೆ ಸಿಕ್ಕೀತು. ನೀವು ವಾಪಸ್ ಬಂದಾಯಿತು, ಅವರು ಅಲ್ಲೇ ಬದುಕಬೇಕು.

ಲೀಡರ್ ಇಷ್ಟಕ್ಕೂ ಒಪ್ಪದಿದ್ದರೆ ಹೀಗೆ ಕೇಳಿ. 1834ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಇಲ್ಲಿಯವರ ಬಗ್ಗೆ ತಮ್ಮ ಊರಿಗೆ ವರದಿ ಬರೆಯುತ್ತಿದ್ದರು. ನಮ್ಮವರಿಗಾಗಿ ಅಲ್ಲಿ ಪ್ರಾರ್ಥನೆಯೂ ನಡೆಯುತ್ತಿತ್ತು. ಅಂಥ ಒಂದು ವರದಿಯಲ್ಲಿ ನಿಮ್ಮ ಮುತ್ತಜ್ಜಿಯ ಸಂಸಾರದ ಜಗಳ ಹೆಸರು ಸಮೇತ ಸಿಕ್ಕಿದರೆ ಹೇಗನಿಸುತ್ತದೆ?

ಇನ್ನು ನಿಮ್ಮ ಪಟ್ಟಿ. ಅಷ್ಟೂ ಜನರನ್ನು ದಿನಾ ನೆನೆಯಬೇಕೆಂದು ಯಾರು ಹೇಳಿದರು? ಮರೆತ ಮುಖಗಳನ್ನು ಒಮ್ಮೆಗೇ ದೇವರಿಗೆ ಒಪ್ಪಿಸಿಬಿಡಿ, ಆತನಿಗೆ ನಿಮ್ಮ ಪಟ್ಟಿ ಬೇಕಿಲ್ಲ. ನೆನಪಿನಲ್ಲಿ ಉಳಿದ ನಾಲ್ಕೈದು ಮಂದಿ ಸಾಕು. ಅವರನ್ನು ನಿದ್ದೆಗಣ್ಣಿನ ಹೊತ್ತಿಗೆ ಬಿಡದೆ ಅವರ ವಾರಕ್ಕೆ ಹೊಂದಿಸಿಕೊಳ್ಳಿ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹೆಚ್ಚಿನ ಸಭೆಗಳು ಆರಾಧನೆಗೆ ಕೂಡುವುದೂ ಅಂದೇ. ಗಡಿಯಾರವೂ ನಮಗಿಂತ ಬರೀ 15 ನಿಮಿಷ ಮುಂದೆ. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತೇ ಅವರ ಜೊತೆ ಪ್ರಾರ್ಥಿಸಬಹುದು. ಕತಾರ್‌ನಲ್ಲಿ ಶುಕ್ರವಾರ ರಜೆ, ಆ ದಿನ ಈ ಹೆಂಗಸಿಗಿರಲಿ. ಗಲ್ಫ್‌ನ ಫೋನಿಗೆ ಕಾಯುವುದೆಂದರೇನು ಎಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ‘ಅವಳನ್ನು ಆಶೀರ್ವದಿಸು’ ಎಂದು ಮುಗಿಸಬೇಡಿ, ‘ಇವತ್ತು ಅವನು ಫೋನ್ ಮಾಡಲಿ’ ಎಂದೇ ಕೇಳಿ. ಗಂಡನನ್ನೂ ಸೇರಿಸಿಕೊಳ್ಳಿ. ಫೋನ್ ಮಾಡದವರೆಲ್ಲ ಕಟುಕರಲ್ಲ. ಸಂಬಳ ಸಿಗದೆ, ಮನೆಯವರಿಗೆ ಏನು ಹೇಳಲಿ ಎಂದು ತಿಳಿಯದೆ ಕೂತವರೂ ಇರುತ್ತಾರೆ.

ವಾಟ್ಸಾಪ್ ಹುಡುಗಿಯ ವಿಷಯದಲ್ಲಿ ಇಮೋಜಿ ನಿಲ್ಲಿಸಿ. ಮೆಸೇಜ್ ಬಂದ ಕೂಡಲೇ ಅರ್ಧ ನಿಮಿಷ ಪ್ರಾರ್ಥಿಸಿ, ಆಮೇಲೆ ಉತ್ತರ ಕೊಡಿ. ಹಿಂದಿಯಲ್ಲಿ ಪುಟ್ಟ ವಾಯ್ಸ್ ಮೆಸೇಜ್ ಆದರೂ ಆದೀತು. ಡಾಕ್ಟರ್ ಏನಂದರು, ಅಮ್ಮ ಊಟ ಮಾಡುತ್ತಿದ್ದಾರಾ ಎಂದು ವಿಚಾರಿಸಿ. ಔಷಧಿಗೆ ದುಡ್ಡಿನ ತೊಂದರೆಯಿದ್ದರೆ ಅಲ್ಲಿನ ಸಭಾಪಾಲಕರ ಹತ್ತಿರ ಮಾತಾಡಿ ಕೈಲಾದಷ್ಟು ಮಾಡಿ. ಹಸಿದವನಿಗೆ ಬರೀ ಹಾರೈಕೆ ಕೊಟ್ಟು ಕಳಿಸಿದರೆ ಏನು ಪ್ರಯೋಜನ ಎಂದು ಬೈಬಲಿನ ಯಾಕೋಬನ ಪತ್ರಿಕೆಯೇ ಕೇಳುತ್ತದೆ. ಹಿಂದೆ ಕಳಿಸಿದ ಇಮೋಜಿಗಳ ಬಗ್ಗೆ ಅವಳೆದುರು ತಪ್ಪೊಪ್ಪಿಗೆ ಬೇಡ. ನಿಮ್ಮ ಮನಸ್ಸು ಹಗುರವಾದೀತು, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವವಳಿಗೆ ಇನ್ನೊಂದು ನೋವಾದೀತು. ದೇವರ ಹತ್ತಿರ ಹೇಳಿಕೊಳ್ಳಿ, ಸಾಕು.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಇನ್ನೊಂದು: ಅದರಲ್ಲಿ ಎಲ್ಲರ ಕಷ್ಟವೂ ಇದೆ, ನಿಮ್ಮದೇ ಇಲ್ಲ. ರೋಮಾಪುರದ ಸಭೆಯನ್ನು ಕಣ್ಣಾರೆ ನೋಡುವ ಮೊದಲೇ ಪೌಲ ಅವರಿಗಾಗಿ ಪ್ರಾರ್ಥಿಸುತ್ತಿದ್ದ. ಅವರಿಗೆ ಬರೆದ ಪತ್ರಿಕೆಯ 15ನೇ ಅಧ್ಯಾಯಕ್ಕೆ ಬಂದರೆ, ನನಗಾಗಿ ನೀವೂ ಪ್ರಾರ್ಥಿಸಿ ಎಂದು ಅವರನ್ನು ಬೇಡಿಕೊಳ್ಳುತ್ತಾನೆ. ನೀವು ಆ ಹುಡುಗಿಯ ಹತ್ತಿರ ಎಂದಾದರೂ ಹಾಗೆ ಕೇಳಿದ್ದೀರಾ? ಕೆಲಸದ್ದೋ ಮದುವೆಯದ್ದೋ, ನಿಮಗೂ ಏನಾದರೊಂದು ಚಿಂತೆ ಇದ್ದೇ ಇರುತ್ತದೆ. ಅವಳಿಗೆ ಹೇಳಿ. ದೀದಿ ಯಾವಾಗಲೂ ಕೊಡುವವಳು, ತಾನು ಯಾವಾಗಲೂ ಬೇಡುವವಳು ಎಂಬ ಲೆಕ್ಕ ಅವಳಿಗೂ ಭಾರವೇ.

ಭಾನುವಾರ ನಿಮಗೆ ಸಿಗುವ ಸಮಯದಲ್ಲಿ ನಿಮ್ಮ ಸಾಕ್ಷಿಯನ್ನೇ ಹೇಳಿ: ಅಲ್ಲಿ ನೀವೇನು ಕಲಿತಿರಿ, ಪ್ರಾರ್ಥಿಸುವುದು ನಿಮಗೆ ಯಾಕೆ ಕಷ್ಟವಾಯಿತು. ಇದನ್ನು ಕೇಳಿ ಎಷ್ಟೋ ಜನ ಒಳಗೊಳಗೇ ಹೌದೆನ್ನುತ್ತಾರೆ. ಫೋಟೋ ಬೇಕೇ ಬೇಕೆಂದು ಹಟ ಹಿಡಿದರೆ, ಪೋಖರಾದಿಂದ ಕಾಣುವ ಮಾಛಾಪುಚ್ಛ್ರೆ ಶಿಖರದ್ದು ಹೇಗೂ ತೆಗೆದಿರುತ್ತೀರಿ. ಅದನ್ನು ತೋರಿಸಿ, ಯಾರ ಅನುಮತಿಯೂ ಬೇಡ.