ಸೊಳ್ಳೆ ಮರಿಯಿಂದ ಶುರುವಾಗಲಿ ಪರಿಸರ ಪಾಠ

ಪ್ರಶ್ನೆ: ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಪ್ರಯೋಗಾಲಯ ಇಲ್ಲ. ಜೂನ್ 5ಕ್ಕೆ ಗಿಡ ನೆಡಿಸಿ, ಘೋಷಣೆ ಕೂಗಿಸುತ್ತೇವೆ. ಮಾರನೇ ದಿನ ಮಕ್ಕಳಿಗೆ ಏನೂ ನೆನಪಿರುವುದಿಲ್ಲ. ಬೇರೆ ಏನು ಮಾಡಬಹುದು?

ಉತ್ತರ: ಘೋಷಣೆ ಮರೆತರೆ ಮರೆಯಲಿ ಬಿಡಿ. ಹೇಗೂ ಮಳೆಗಾಲ, ಸೊಳ್ಳೆಯಿಂದ ಶುರು ಮಾಡಿ.

ಒಡೆದ ಕುಂಡ, ಹಳೇ ಟೈರು, ತೆಂಗಿನ ಚಿಪ್ಪು, ಎಲ್ಲಿ ನೀರು ನಿಂತಿದೆಯೋ ಅಲ್ಲಿ ಮರಿಗಳು ಸಿಗುತ್ತವೆ. ನೀರಿನ ಸಮೇತ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ. ಈ ಕೆಲಸ ನೀವೇ ಮಾಡಿ. ದಿನಾ ಹಾಜರಿ ಆದ ಮೇಲೆ ಮಕ್ಕಳು ಐದು ನಿಮಿಷ ನೋಡಿ ಚಿತ್ರ ಬಿಡಿಸಲಿ.

ಮೊದಲ ಎರಡು ದಿನ ನೀವು ಏನೂ ವಿವರಿಸಬೇಡಿ (ಮೇಷ್ಟ್ರಿಗೆ ಇದೇ ಕಷ್ಟದ ಕೆಲಸ!). ‘ಯಾಕೆ ತಲೆಕೆಳಗಾಗಿ ನೇತಾಡುತ್ತೆ?’ ಅಂತ ಅವರೇ ಕೇಳುತ್ತಾರೆ. ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಅದು ಉಸಿರಾಡುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ. ಹಾಗಾಗಿ ಅದು ನೀರಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ. ಆಮೇಲೆ ಮರಿ ಅಲ್ಪವಿರಾಮದಂತೆ ಡೊಂಕಾಗಿ ಕೋಶ (ಸೊಳ್ಳೆಯಾಗುವ ಮುಂಚಿನ ಹಂತ, ಪ್ಯೂಪಾ) ಆಗುತ್ತದೆ. ಕೋಶ ಏನೂ ತಿನ್ನುವುದಿಲ್ಲ, ಆದರೆ ಮುಟ್ಟಿದರೆ ಚಂಗನೆ ಓಡುತ್ತದೆ.

ನಮ್ಮ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹಾಗಾದರೆ ಮನೆಯ ಡ್ರಮ್ಮನ್ನು ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಬೇಕು? ಲೆಕ್ಕ ಅವರೇ ಹಾಕಲಿ. ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಆಶಾ ಕಾರ್ಯಕರ್ತೆ ಯಾಕೆ ಹೇಳುತ್ತಾರೆ ಅನ್ನೋದು ಆಗ ಗೊತ್ತಾಗುತ್ತದೆ. ಸುಮ್ನೆ ಚೆಲ್ಲಿದರೆ ಸಾಲದು, ತಿಕ್ಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಇನ್ನು ಪರಿಸರದ ಮಾತು. ಸೊಳ್ಳೆ ಮರಿ ತಿನ್ನಲಿ ಅಂತ ಕೆಲವು ಕಡೆ ನೀರಿಗೆ ಗ್ಯಾಂಬೂಸಿಯಾ ಮೀನು ಬಿಡುತ್ತಾರೆ. ಅದು ಅಮೆರಿಕದ ಕಡೆಯದು. ಕೆರೆಗೆ ಬಿಟ್ಟರೆ ಕಪ್ಪೆಮರಿ, ನಮ್ಮ ಊರಿನ ಮೀನಿನ ಮರಿಗಳನ್ನೂ ತಿನ್ನುತ್ತದೆ. ಆದರೆ ಏರೋಪ್ಲೇನ್ ಚಿಟ್ಟೆಯ ಮರಿಯೂ ನೀರಲ್ಲೇ ಇದ್ದು ಸೊಳ್ಳೆ ಮರಿ ತಿನ್ನುತ್ತದೆ, ಅಲ್ವಾ? ಕೆರೆಗೆ ಹೊಸ ಮೀನು ಬಿಡಬೇಕಾ ಬೇಡವಾ ಅಂತ 5ನೇ ತರಗತಿಯವರನ್ನು ಎರಡು ಗುಂಪು ಮಾಡಿ ವಾದಕ್ಕೆ ಕೂರಿಸಿ. ಒಂದು ಇಡೀ ಪೀರಿಯಡ್ ಹೋಗುತ್ತದೆ, ಹೋಗಲಿ.

ಒಂದೆರಡು ಸೊಳ್ಳೆ ಹೊರಬಂದದ್ದನ್ನು ಎಲ್ಲರೂ ನೋಡಿದ ಮೇಲೆ, ಬಟ್ಟೆ ಬಿಚ್ಚದೆ ಮೇಲಿಂದಲೇ ಸೋಪಿನ ನೀರು ಸುರಿದು ಚೆನ್ನಾಗಿ ಅಲ್ಲಾಡಿಸಿ. ಶನಿವಾರ ಮಾತ್ರ ಬಾಟಲಿಯನ್ನು ಹಾಗೇ ಬಿಟ್ಟು ಮನೆಗೆ ಹೋಗಬೇಡಿ.