ಅಕ್ಕಲಕೋಟೆಯಲ್ಲಿ ದಿವಾಳಿ ಅರ್ಜಿ

ಬಟ್ಟೆ ಅಂಗಡಿ ಮುಚ್ಚಿದೆ, ದಿವಾಳಿ ಅರ್ಜಿ ಎಲ್ಲಿ ಹಾಕಬೇಕು, ನಿಮ್ಮ ಹತ್ತಿರ ಸಾಲ ತಗೊಂಡವನು 'ನಾನೂ ದಿವಾಳಿ' ಅನ್ನೋದು ನಿಜವಾ ಅಂತ ಕೇಳಿದ್ದೀರಿ ಅಲ್ವಾ ಅಣ್ಣಾ.

ಅವನದು ಮೊದಲು. ಕೋರ್ಟು ಕೇಸುಗಳನ್ನು ಹುಡುಕುವ ಸರ್ಕಾರಿ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಹಾರಾಷ್ಟ್ರ, ನಮ್ಮ ಜಿಲ್ಲೆ ಸೋಲಾಪುರ ಆರಿಸಿ ಹೆಸರು, ವರ್ಷ ಹಾಕಿ ಹುಡುಕಿ. ನಮ್ಮ ಕಡೆಯ ಹೆಸರು ಮರಾಠಿ ಕಾಗದದಲ್ಲಿ ಬೇರೆ ಥರ ಇರಬಹುದು, ಎರಡು ಮೂರು ರೀತಿ ಬರೆದು ನೋಡಿ. ಸಿಗದಿದ್ದರೆ ಬರೀ ಬಾಯಿಮಾತು ನಂಬಬೇಡಿ. ದಿವಾಳಿ ಅಂತ ಹೇಳಬೇಕಾದ್ದು ಕೋರ್ಟು, ಅವನಲ್ಲ.

ಇನ್ನು ನಿಮ್ಮದು. 2016ರ ಹೊಸ ದಿವಾಳಿ ಕಾಯ್ದೆ ಸದ್ಯ ಕಂಪನಿಗಳಿಗೆ, ಅವುಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಸ್ವಂತ ಅಂಗಡಿಯವರಿಗೆ ಇನ್ನೂ 1920ರ ಹಳೇ ದಿವಾಳಿ ಕಾಯ್ದೆಯೇ, ಸೋಲಾಪುರದ ಜಿಲ್ಲಾ ಕೋರ್ಟಿನಲ್ಲಿ ವಿಚಾರಿಸಿ. 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು, ಆ ಕಾಲದ ಲೆಕ್ಕ ನೋಡಿ! ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸ, ನಿಮ್ಮ ಆಸ್ತಿ ಎಲ್ಲಾ ಬರೆಯಬೇಕು, ಸೂರತ್ ವ್ಯಾಪಾರಿಯ ಬಾಕಿ ಬಿಲ್ಲಿನಿಂದ ಹಿಡಿದು ಭಾವನ ಹತ್ತಿರ ತಗೊಂಡ ಕೈಗಡದವರೆಗೆ. ಅಡುಗೆ ಪಾತ್ರೆ, ಹಾಸಿಗೆ, ವೈನಿಯವರ ತಾಳಿ ಮುಟ್ಟುವಂತಿಲ್ಲ. ಆದರೆ ಈಗ ಸುಮ್ನೆ ಜಾಗವನ್ನು ತಮ್ಮನ ಹೆಸರಿಗೆ ಮಾಡಬೇಡಿ, ಎರಡು ವರ್ಷದೊಳಗಿನ ಅಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಬಾಕಿಯೂ ಇದರಿಂದ ಹೋಗಲ್ಲ.